ಕಾರವಾರಕ್ಕೆ ಡೇಟಾ ಸೆಂಟರ್ ಬಂದರೆ ದುಡ್ಡು ಯಾರ ಕೈಗೆ?

ಅಂಕೋಲೆಯ ಓದುಗರೊಬ್ಬರ ಪತ್ರ: "ಗೂಗಲ್ ವಿಶಾಖಪಟ್ಟಣ ಹಿಡಿಯಿತು. ಕಡಲು, ಕಾಳಿ ನೀರು, ಕೈಗಾ ಕರೆಂಟು ಎಲ್ಲ ಇರುವ ಕಾರವಾರಕ್ಕೆ ಡೇಟಾ ಸೆಂಟರ್ ಯಾಕೆ ಬರಬಾರದು? ನಮ್ಮ ಹುಡುಗರು ಬೆಂಗಳೂರು ಬಸ್ಸು ಹತ್ತುವುದಾದರೂ ತಪ್ಪೀತು. ಹೆದ್ದಾರಿ ಪಕ್ಕದ ನನ್ನ ಎರಡು ಎಕರೆ ಈಗಲೇ ಮಾರಬೇಡಿ ಅಂತ ಬ್ರೋಕರ್ ಬೇರೆ ಹೇಳುತ್ತಿದ್ದಾನೆ."

ಬಸ್ಸಿನ ಮಾತು ಮೊದಲು ಮುಗಿಸೋಣ. ಡೇಟಾ ಸೆಂಟರ್ ಅಂದರೆ ಕಂಪ್ಯೂಟರುಗಳ ಗೋದಾಮು. ಅಮೆರಿಕದ ವರ್ಜೀನಿಯಾದ ಶಾಸಕಾಂಗ ಸಮಿತಿ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. ಎರಡೂವರೆ ಲಕ್ಷ ಚದರಡಿಯ ಸೆಂಟರ್ ಕಟ್ಟುವಾಗ, ಕೆಲಸ ಜೋರಾಗಿರುವ ಹೊತ್ತಿಗೆ, ಸುಮಾರು 1,500 ಜನ ಇರುತ್ತಾರೆ. ಕಟ್ಟಿ ಮುಗಿದ ಮೇಲೆ ಉಳಿಯುವವರು ಸುಮಾರು 50. ಬಾಡಿಗೆ ಮನೆ, ಖಾನಾವಳಿ, ಜಲ್ಲಿ ಲಾರಿ ಒಂದೆರಡು ವರ್ಷ ಭರಾಟೆ; ಆಮೇಲೆ ತಣ್ಣಗೆ.

ಆದರೂ ಅದೇ ವರ್ಜೀನಿಯಾದ ಲೌಡನ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಇವುಗಳಿಂದ ಚೆನ್ನಾಗಿಯೇ ದುಡ್ಡು ಬರುತ್ತದೆ. ಗುಟ್ಟು ಇಷ್ಟೇ: ಕಟ್ಟಡಕ್ಕೆ ಮಾತ್ರವಲ್ಲ, ಒಳಗಿನ ಕಂಪ್ಯೂಟರುಗಳಿಗೂ ಕೌಂಟಿಯೇ ವರ್ಷ ವರ್ಷ ತೆರಿಗೆ ಹಾಕುತ್ತದೆ. ಹಳೇ ಯಂತ್ರ ಹೋಗಿ ಹೊಸದು ಬಂದಂತೆ ಮತ್ತೆ ತೆರಿಗೆ. ಅದರಿಂದ ಶಾಲೆಗೆ ದುಡ್ಡು, ಜನರ ಮನೆ ತೆರಿಗೆಯಲ್ಲೂ ಇಳಿಕೆ. ನಮ್ಮ ಗ್ರಾಮ ಪಂಚಾಯ್ತಿ ತೆರಿಗೆ ಹಾಕುವುದು ಕಟ್ಟಡಕ್ಕೆ, ಜಾಗಕ್ಕೆ. ಒಳಗೆ ಕೋಟಿಗಟ್ಟಲೆಯ ಸರ್ವರ್ ಇರಲಿ, ಅಡಿಕೆ ಚೀಲ ಇರಲಿ, ಅದರ ಬೆಲೆ ಪಂಚಾಯ್ತಿ ಲೆಕ್ಕಕ್ಕೆ ಬರುವುದಿಲ್ಲ. ಜಿಎಸ್‌ಟಿ, ವಿದ್ಯುತ್ ತೆರಿಗೆ ಬೆಂಗಳೂರು, ದಿಲ್ಲಿಯ ಖಜಾನೆಗೆ. ಹಾಗಾಗಿ ಎಷ್ಟು ಸಾವಿರ ಕೋಟಿ ಬಂಡವಾಳ ಅಂತ ಕೇಳುವುದಕ್ಕಿಂತ, ಊರಿನ ಪಾಲು ಎಷ್ಟು ಅಂತ ಕೇಳಬೇಕು. ಆ ಪಾಲು ಒಪ್ಪಂದದಲ್ಲೇ ಬರೆದಿರಬೇಕು.

ಇನ್ನು ಕರೆಂಟು. ಕೈಗಾದ ನಾಲ್ಕು ಘಟಕ ಸೇರಿ 880 ಮೆಗಾವಾಟ್ ನಿಜ. ಆದರೆ ಅದು ಗ್ರಿಡ್ಡಿಗೆ ಹೋಗಿ ದಕ್ಷಿಣದ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಮೊದಲ ಮಳೆಗೆ ಮರ ಬಿದ್ದು ಹೆಸ್ಕಾಂ ಲೈನು ಹೋದಾಗ ನಿಮಗೂ ಗೊತ್ತಾಗಿರುತ್ತದೆ, ಅಲ್ವಾ? ಐರ್ಲೆಂಡಿನಲ್ಲಿ 2023ರಲ್ಲಿ ಮೀಟರಿಗೆ ಬಂದ ಕರೆಂಟಿನ ಶೇ. 21ರಷ್ಟು ಡೇಟಾ ಸೆಂಟರ್‌ಗಳೇ ಬಳಸಿದವು. ಹೊಸ ಸಬ್‌ಸ್ಟೇಷನ್, ಲೈನಿನ ಖರ್ಚು ಕಂಪನಿಯೇ ಹೊತ್ತರೆ ಊರಿಗೂ ಅನುಕೂಲ. ಹೊರದಿದ್ದರೆ ಎಲ್ಲರ ಬಿಲ್ಲಿಗೂ ಬೀಳುತ್ತದೆ.

ನೀರಿನದು ಇನ್ನೂ ಸೂಕ್ಷ್ಮ. ಯಂತ್ರ ತಣ್ಣಗಿಡಲು ಹಲವು ಕಡೆ ಸಿಹಿನೀರನ್ನು ಆವಿ ಮಾಡುತ್ತಾರೆ. ಅಮೆರಿಕದ ಓರೆಗಾನ್‌ನ ಡಾಲ್ಸ್ ಎಂಬ ಪುಟ್ಟ ಊರಲ್ಲಿ 2021ರಲ್ಲಿ ಊರ ನೀರಿನ ಕಾಲು ಭಾಗಕ್ಕಿಂತ ಜಾಸ್ತಿ ಗೂಗಲ್ಲೇ ಬಳಸಿತ್ತು. ನಮ್ಮ ಕರಾವಳಿಯಲ್ಲಿ ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ, ಟ್ಯಾಂಕರ್ ಬರುತ್ತದೆ. ಗಾಳಿಯಿಂದ ತಣಿಸಿದರೆ ನೀರು ಉಳಿಯುತ್ತದೆ, ಕರೆಂಟು ಜಾಸ್ತಿ ಬೇಕು. ಯಾವ ವಿಧಾನ, ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಲೀಟರ್? ಕಂಪನಿ ಬಂದ ದಿನವೇ ಕೇಳಿ.

ಕಡಲಿದೆ ಅಂದಿರಿ. ಸಮುದ್ರದಡಿಯ ಇಂಟರ್ನೆಟ್ ಕೇಬಲ್‌ಗಳು ಹೆಚ್ಚಾಗಿ ದಡ ಸೇರುವುದು ಮುಂಬೈ, ಚೆನ್ನೈಯಲ್ಲಿ. ಡೇಟಾ ಸೆಂಟರ್‌ಗಳೂ ಅಲ್ಲೇ ಗುಂಪುಗೂಡಿವೆ. ನಮ್ಮ ಕಡಲು ಸದ್ಯಕ್ಕೆ ಬಂಗಡೆಗೇ ಸರಿ.

ಎರಡು ಎಕರೆಯ ವಿಷಯ: ದುಡ್ಡಿನ ಅಗತ್ಯವಿದ್ದರೆ ಮಾರಿ, ಇಲ್ಲದಿದ್ದರೆ ಇಟ್ಟುಕೊಳ್ಳಿ. ಡೇಟಾ ಸೆಂಟರ್ ಹೆಸರು ಹೇಳಿ ಸುಮ್ನೆ ಕಾಯಿಸುವ ಬ್ರೋಕರ್‌ಗೆ ಮಾತ್ರ ಕೆಐಎಡಿಬಿ (ಕೈಗಾರಿಕೆಗೆ ಜಾಗ ಹೊಂದಿಸುವ ಸರಕಾರಿ ಮಂಡಳಿ) ಅಧಿಸೂಚನೆ ಎಲ್ಲಿದೆ, ತೋರಿಸು ಎನ್ನಿ. ತೋರಿಸಿದರೆ ನಮಗೂ ಒಂದು ಪ್ರತಿ ಕಳಿಸಿ.

— ಸಂ.