ಹುಬ್ಬಳ್ಳಿಯೋ ಮಣಿಪಾಲವೋ

ಅಕ್ಕ, ಹದಿನೈದು ವರ್ಷದ ಮಗಳಿಗೆ ನಾಲ್ಕು ತಿಂಗಳಿಂದ ಜ್ವರ, ಕೀಲುನೋವು ಬಂದು ಹೋಗುತ್ತಿದೆ, ವರದಿಗಳಲ್ಲಿ ಏನೂ ಸಿಗುತ್ತಿಲ್ಲ, ಶಿರಸಿಯಿಂದ ಹುಬ್ಬಳ್ಳಿಗೆ ಹೋಗಲೋ ಮಣಿಪಾಲಕ್ಕೋ ಎಂದು ಕೇಳಿದ್ದೀರಿ. ಕೈಯಲ್ಲಿ ದುಡ್ಡು ಮುಗಿಯುತ್ತಾ ಬಂದಿದ್ದರೆ ಮೊದಲು ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ.

ನನ್ನ ಮಗನದೂ ಇದೇ ಕಥೆ. ಅದೇ ರಕ್ತಪರೀಕ್ಷೆಗೆ ಮೂರು ಕಡೆ ದುಡ್ಡು ಕೊಟ್ಟೆವು; ಆ ವರ್ಷದ ಅಡಿಕೆ ಅಲ್ಲಿಗೇ ಮುಗಿಯಿತು. ಕೊನೆಗೆ ಹಿರಿಯ ವೈದ್ಯರೊಬ್ಬರು, ಕಾಗದ ಬದಿಗಿಟ್ಟು, ‘ಮನೆಯಲ್ಲಿ ದನ ಇವೆಯೇ?’ ಎಂದು ಕೇಳಿದರು. ಹಸು ಕಂದು ಹಾಕಿದಾಗ ಬರಿಗೈಯಲ್ಲಿ ಎಳೆದವನು ಅವನೇ. ದನಗಳಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಸೋಂಕು, ಆರು ವಾರ ಮಾತ್ರೆ. ನಿಮ್ಮ ಮಗಳಿಗೂ ಅದೇ ಎನ್ನುತ್ತಿಲ್ಲ. ಆದರೆ ಕೊಟ್ಟಿಗೆ, ಹಸಿಹಾಲು, ಕಾಡಿನ ಓಡಾಟ, ಉಣುಗು ಕಚ್ಚಿದ್ದು, ಇವನ್ನು ಕೇಳದಿದ್ದರೂ ಹೇಳಿ. ಜ್ವರ ಬಂದ ದಿನ, ಹೊತ್ತು, ಡಿಗ್ರಿ ಬರೆದಿಡಿ. ಹಳೆಯ ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಒಯ್ಯಿರಿ.

ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರ) ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಮಿತಿ 1.5 ಲಕ್ಷ. ಮುಂದೆ ಮಣಿಪಾಲದಂಥ ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ತುರ್ತು ಸ್ಥಿತಿ ಬಿಟ್ಟು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಬೇಕು. ನಾವು ಅದಿಲ್ಲದೆ ಹೋಗಿ ಪೂರ್ತಿ ಬಿಲ್ಲು ಕಟ್ಟಿದೆವು.

ಮಾರಿಕಾಂಬೆಗೆ ಹರಕೆ ಹೊರಿ ಎನ್ನುವವರಿಗೆ ಆಗಲಿ ಎನ್ನಿ, ನಾವೂ ಹೊತ್ತಿದ್ದೆವು. ‘ಶಾಲೆ ತಪ್ಪಿಸುವ ನಾಟಕ’ ಎನ್ನುವವರನ್ನು ಮಾತ್ರ ಮಗಳ ಎದುರು ಕೂರಿಸಬೇಡಿ.