ಗಟ್ಟಿ ಸ್ಪ್ರಿಂಗ್ ಹಾಕಿದ್ರ ಆರ್‌ಪಿಎಂ ಏರಂಗಿಲ್ಲ

ಗಂಗಾವತಿಯಿಂದ ಪ್ರಶ್ನೆ: ನಂದು ಹಳೇ ಹೋಂಡಾ ಸಿಟಿ 1.5 ವಿಟೆಕ್. ರಿಮ್ಯಾಪ್ (ಇಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದ್ಲಿ) ಮಾಡಿಸಿ 8000 ಆರ್‌ಪಿಎಂ (ಇಂಜಿನ್ ನಿಮಿಷಕ್ಕ 8000 ಸುತ್ತು) ತನಕ ಎಳೀಬೇಕಂತ ಆಸೆ ಐತಿ. ಎಲ್ಲಕ್ಕಿಂತ ಗಟ್ಟಿ ವಾಲ್ವ್ ಸ್ಪ್ರಿಂಗ್ ಯಾವ್ದು ಹೇಳ್ರಿ ಸರ್. ನಮ್ಮ ಮೆಕ್ಯಾನಿಕ್ ಹಳೇ ಸ್ಪ್ರಿಂಗ್ ಕೆಳಗ ವಾಷರ್ ಕೊಟ್ರೂ ಸಾಕು ಅಂತಾನ.

ಉತ್ತರ: ಹೊಸಪೇಟಿ, ಸಿಂಧನೂರು, ಬಳ್ಳಾರಿ ಎಲ್ಲಾ ಕಡಿಂದ ಇದೇ ಪ್ರಶ್ನೆ ಬರ್ತದ, ಎಲ್ಲಾರೂ ವಾಲ್ವ್ ಮುಚ್ಚೋ ಸ್ಪ್ರಿಂಗ್ ಕೇಳ್ತಾರ, ಒಬ್ರೂ ವಾಲ್ವ್ ತೆಗೆಯೋ ಕ್ಯಾಮ್ ಮಾತು ಎತ್ತಂಗಿಲ್ಲ. ಕಂಪನಿ ಕ್ಯಾಮ್ ಇಟ್ಕೊಂಡು 8000ಕ್ಕ ಎಳದ್ರ ಪವರ್ ಅದಕ್ಕಿಂತ ಮೊದ್ಲೇ ಇಳಿಯಾಕ ಹತ್ತಿರ್ತದ, ಸಿಗೋದು ಬರೇ ಸೌಂಡು. ಮೊದ್ಲು ಯಾವ ಕ್ಯಾಮ್ ಅಂತ ಪಕ್ಕಾ ಮಾಡ್ಕೋರಿ, ಅದರ ಲಿಫ್ಟ್ (ವಾಲ್ವ್ ಎಷ್ಟು ಮಿಮೀ ತೆಗೀತದ ಅನ್ನೋದು) ಎಷ್ಟು, ಅದನ್ನ ಮಾಡಿದವ್ರು ಎಷ್ಟು ಪ್ರೆಷರ್ ಸ್ಪ್ರಿಂಗ್ ಹೇಳ್ಯಾರ ನೋಡ್ರಿ, ಆಮೇಲೆ ಸ್ಪ್ರಿಂಗ್ ಮಾತು.

6500ರಿಂದ 8000ಕ್ಕ ಹೋದ್ರ ಸ್ಪೀಡ್ ಏರೋದು ಕಾಲು ಭಾಗಕ್ಕಿಂತ ಕಮ್ಮಿ, ಆದ್ರ ವಾಲ್ವ್ ಎಳೆಯೋ ಜಡತ್ವದ ಬಲ ವರ್ಗದ ಲೆಕ್ಕದಾಗ ಏರ್ತದ, ಅಂದ್ರ ಒಂದೂವರೆ ಪಟ್ಟು. 8000ದಾಗ ಕ್ಯಾಮ್ 4000 ತಿರುಗ್ತದ, ಒಂದೊಂದು ವಾಲ್ವು ಸೆಕೆಂಡಿಗೆ ಸುಮಾರು 67 ಸಲ ತೆಗೆದು ಮುಚ್ಚಬೇಕು. ಸ್ಪ್ರಿಂಗ್ ಹಿಡೀಲಿಲ್ಲ ಅಂದ್ರ ಕ್ಯಾಮಿನ ಒತ್ತು ವಾಲ್ವಿಗೆ ಮುಟ್ಟಿಸೋ ರಾಕರ್ ಕ್ಯಾಮ್ ಬಿಟ್ಟು ಹಾರ್ತದ, ವಾಲ್ವ್ ತಾನು ಕೂತು ಮುಚ್ಚೋ ಸೀಟ್ ಮ್ಯಾಲ ಕುಣೀತದ, ಇನ್ನೂ ಮೀರಿದ್ರ ಪಿಸ್ಟನ್ ಬಂದು ವಾಲ್ವಿಗೆ ಬಡೀತದ. ಅದಕ್ಕ ನಾ ಹೇಳೋದು, ಗಟ್ಟಿ ಮಾಡೋಕಿಂತ ಮೊದ್ಲು ಹಗುರ ಮಾಡ್ರಿ. ಸ್ಪ್ರಿಂಗ್ ಮ್ಯಾಲಿನ ಟೋಪಿ ಅಂದ್ರ ರಿಟೇನರ್ ಹಗುರಾದ್ರೆ ಅದೇ ಸ್ಪ್ರಿಂಗ್ ಇನ್ನಷ್ಟು ಆರ್‌ಪಿಎಂ ತಡೀತದ. ಜೇನುಗೂಡಿನ ಆಕಾರದ ಬೀಹೈವ್ ಸ್ಪ್ರಿಂಗ್ ಮ್ಯಾಲ ಸಣ್ಣ ಇರೋದ್ರಿಂದ ಅದಕ್ಕ ಸಣ್ಣ ರಿಟೇನರ್ ಸಾಕು. ಡಬಲ್ ಸ್ಪ್ರಿಂಗ್ ಆದ್ರ ಒಳಗಿಂದು ಹೊರಗಿಂದಕ್ಕ ತಿಕ್ಕಿ ಸ್ಪ್ರಿಂಗ್ ನಡುಗೋದನ್ನ ತಡೀತದ, ಬರೇ ಜಾಸ್ತಿ ಒತ್ತಡ ಸಿಗಲಿ ಅಂತ ಎರಡು ಇಟ್ಟಿಲ್ಲ.

ವಿಪರೀತ ಗಟ್ಟಿ ಸ್ಪ್ರಿಂಗ್ ಕ್ಯಾಮ್ ತುದಿ ತಿನ್ನೋದು 8000ದಾಗಲ್ಲ, ಬಳ್ಳಾರಿ ರಾಯಲ್ ಸರ್ಕಲ್ ಸಿಗ್ನಲ್‌ನಾಗ ಐಡಲ್‌ನಾಗ ನಿಂತಾಗ. ಮ್ಯಾಲಿನ ಆರ್‌ಪಿಎಂದಾಗ ಜಡತ್ವ ಕ್ಯಾಮ್ ತುದಿ ಮ್ಯಾಲಿನ ಭಾರ ಇಳಿಸ್ತದ, ಐಡಲ್‌ನಾಗ ಸ್ಪ್ರಿಂಗಿನ ಪೂರ್ತಿ ಒತ್ತಡ ಅಲ್ಲೇ ಬೀಳ್ತದ. ದಿನಾ ಓಡ್ಸೋ ಗಾಡಿಗೆ ಇದು ಭಾಳ ಮುಖ್ಯ.

ಇನ್ನ ವಾಷರ್. ಕೆಳಗ ವಾಷರ್ ಇಟ್ರ ಸ್ಪ್ರಿಂಗ್ ಇನ್ನಷ್ಟು ಒತ್ತಿ ಗಟ್ಟಿ ಆಗ್ತದ ಅಂತ ನಿಮ್ಮ ಮೆಕ್ಯಾನಿಕ್ ಲೆಕ್ಕ. ಉದಾಹರಣೆಗೆ ಸ್ಪ್ರಿಂಗ್ ಕೂಡ್ಸಿದ ಎತ್ತರ 36 ಮಿಮೀ, ಲಿಫ್ಟ್ 10, ಪೂರ್ತಿ ತೆಗೆದಾಗ ಉಳಿಯೋದು 26. ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಕೂಡೋ ಎತ್ತರ 24.5 ಅನ್ಕೋರಿ, ಒಂದೂವರೆ ಮಿಮೀ ಜಾಗ ಐತಿ. ನಿಮ್ಮ ಮೆಕ್ಯಾನಿಕ್ ಒಂದೂವರೆ ಮಿಮೀ ವಾಷರ್ ಇಟ್ಟ, ಜಾಗ ಸೊನ್ನೆ! ರಾಕರ್ ಬಾಗ್ತದ, ಇಲ್ಲಾ ವಾಲ್ವ್ ಹಿಡಿಯೋ ಕಾಟರ್ ಬಿಟ್ಟು ವಾಲ್ವ್ ಸಿಲಿಂಡರ್ ಒಳಗ ಬೀಳ್ತದ. ಸ್ಪ್ರಿಂಗ್‌ಗೆ ಶಿಮ್ (ತೆಳು ವಾಷರ್) ಕೊಡೋದು ತಪ್ಪಲ್ಲ, ಅಳತಿ ಮಾಡ್ದೇ ಕೊಡೋದು ತಪ್ಪು. ಅಳತಿ ಮಾಡೋ ವರ್ನಿಯರ್ ಹಿಡಿಯದೇ ಇರೋನ ಕೈಗೆ ಇಂಜಿನ್ ಹೆಡ್ ಕೊಡಬ್ಯಾಡ್ರಿ.

ಹೊಸ ಕ್ಯಾಮ್ ಕೂಡ್ಸಿದ ಮ್ಯಾಲ ಪಿಸ್ಟನ್ ಮ್ಯಾಲ ಮಕ್ಕಳಾಡೋ ಕ್ಲೇ ಇಟ್ಟು, ಹೆಡ್ ಟೈಟ್ ಮಾಡಿ, ಕೈಲೇ ಕ್ರ್ಯಾಂಕ್ ಎರಡು ಸುತ್ತು ತಿರುಗ್ಸಿ, ಬಿಚ್ಚಿ ಕ್ಲೇ ಕೊಯ್ದು ದಪ್ಪ ಅಳೀರಿ, ಅದೇ ಪಿಸ್ಟನ್ ವಾಲ್ವ್ ನಡುವಿನ ಜಾಗ. ಇನ್‌ಟೇಕ್ ಕಡೆ 2 ಮಿಮೀ, ಎಗ್ಸಾಸ್ಟ್ ಕಡೆ 2.5 ಇರ್ಲಿ, ಬಿಸಿ ಆದಾಗ ಎಗ್ಸಾಸ್ಟ್ ವಾಲ್ವ್ ಜಾಸ್ತಿ ಉದ್ದ ಆಗ್ತದ. ರಿಟೇನರ್ ಕೆಳಗ ಬಂದಾಗ ವಾಲ್ವ್ ಸೀಲ್‌ಗೆ ತಾಗಬಾರ್ದು, ಅಲ್ಲೂ ಒಂದೂವರೆ ಮಿಮೀ. ಅದಾದ್ಮೇಲೂ ಆರ್‌ಪಿಎಂ ಮೀರಿದ್ರ ಪೆಟ್ರೋಲ್ ಕಟ್ ಮಾಡೋ ಲಿಮಿಟರ್ ನಿಮ್ಮನ್ನ ಕಾಯ್ತದ ಅನ್ಕೋಬ್ಯಾಡ್ರಿ, ನಾಕನೇ ಗೇರ್ ಬದ್ಲು ಎರಡಕ್ಕ ಬಿದ್ರ ಚಕ್ರನೇ ಇಂಜಿನ್ ತಿರುಗ್ಸ್ತದ, ಪೆಟ್ರೋಲ್ ಕಟ್ ಆದ್ರೂ ಉಪಯೋಗಿಲ್ಲ. ನಂಗ ಕೇಳಿದ್ರ ರೋಡ್ ಗಾಡಿಗೆ ಲಿಮಿಟರ್ ಸ್ಪ್ರಿಂಗ್ ತಡಿಯೋ ಮಿತಿಗಿಂತ 300 ಆರ್‌ಪಿಎಂ ಕಮ್ಮಿನೇ ಇಡ್ರಿ.

ರಾಯಚೂರಿಂದ: ಟೈಟೇನಿಯಂ ವಾಲ್ವ್ ಹಾಕ್ಸ್ಲಾ?
ಬ್ಯಾಡ. ಅದಕ್ಕ ಹೊಂದೋ ಸೀಟ್ ಬೇರೆನೇ ಬೇಕು, ಕಂಪನಿ ಸೀಟ್ ಮ್ಯಾಲ ಕೂಡ್ಸಿದ್ರ ವಾಲ್ವ್ ಮುಖ ಸವೀತದ.

ಸಂಡೂರಿಂದ: ಟ್ಯಾಪೆಟ್ ಗ್ಯಾಪ್ (ರಾಕರ್ ವಾಲ್ವ್ ನಡುವಿನ ಸಂದು) ಪೂರ್ತಿ ಟೈಟ್ ಮಾಡಿದ್ರ ಸೌಂಡ್ ಹೋಗ್ತದಂತ, ಹೌದಾ?
ಸೌಂಡ್ ಹೋಗ್ತದ, ಎಗ್ಸಾಸ್ಟ್ ವಾಲ್ವೂ ಹೋಗ್ತದ. ಬಿಸಿಗೆ ಉದ್ದಾಗಿ ಸೀಟ್ ಮ್ಯಾಲ ಕೂಡಂಗಿಲ್ಲ, ಸುಟ್ಟು ತೂತ ಬೀಳ್ತದ. ಅಂದಂಗ ನಿಮ್ಮ ಕಡೆ ಅದಿರಿನ ಕೆಂಪು ಧೂಳದಾಗ ಫಿಲ್ಟರ್ ಇಲ್ದ ಗಾಡಿ ಓಡ್ಸೋ ಹುಡುಗ್ರು ಜಾಸ್ತಿ ಆಗ್ಯಾರ, ಅದನ್ನ ಇವತ್ತೇ ನಿಲ್ಲಿಸ್ರಿ, ಗೈಡ್, ಸೀಟ್, ರಿಂಗ್ ಎಲ್ಲಾ ತಿಂದು ಹಾಕ್ತದ.

ಕೊಪ್ಪಳದಿಂದ: ಡೀಸೆಲ್ ಬೊಲೆರೊಗೆ ರೇಸ್ ಸ್ಪ್ರಿಂಗ್?
ಬೇಕಾಗಿಲ್ಲ. ಆ ರೊಕ್ಕದಾಗ ಬ್ರೇಕ್ ಮಾಡಿಸ್ರಿ.