ಪಕ್ಕಪಕ್ಕ ಕೂತ ಇಬ್ಬರು ಪೈಲಟ್‌ಗಳ ನಡುವೆ ಇಳಿಯುವಾಗ ಮಾತು ತಪ್ಪುವುದು ಹೇಗೆ?

ಕಿವಿಗೆ ಬೀಳದೆ ಅಲ್ಲ. ಹೆಚ್ಚಾಗಿ ಮಾತು ಮೆತ್ತಗಾಗಿಯೋ, ಅರ್ಧಂಬರ್ಧವಾಗಿಯೋ ತಪ್ಪುತ್ತದೆ. ಒಬ್ಬರು ವಿಮಾನ ಹಾರಿಸುತ್ತಾರೆ, ಇನ್ನೊಬ್ಬರು ಎತ್ತರ, ವೇಗ ನೋಡಿ ಹೇಳುತ್ತಿರುತ್ತಾರೆ. ಇಳಿಯುವ ಹೊತ್ತಿಗೆ ಕೆಲಸ ಜಾಸ್ತಿ, ಸಮಯ ಕಮ್ಮಿ. ಹಾರಿಸುವವರ ಮನಸ್ಸು ರನ್‌ವೇಗೆ ಅಂಟಿಕೊಂಡಿರುತ್ತದೆ.

ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣವನ್ನೇ ನೋಡಿ. ಅದು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಸಮುದ್ರಮಟ್ಟದ ಲೆಕ್ಕಕ್ಕೆ ಹೊಂದಿಸಿದ, ಎತ್ತರ ತೋರಿಸುವ ಮೀಟರ್ 3,000 ಅಡಿ ತೋರಿಸಿದಾಗ ನೆಲ ಬರೀ 500 ಅಡಿ ಕೆಳಗಿರುತ್ತದೆ. ಸುಮ್ನೆ ಒಂದು ಅಂಕಿ ಕೂಗಿದರೆ ಯಾವ ಎತ್ತರ ಅಂತ ಗೊಂದಲ ಆಗಬಹುದು, ಅಲ್ವಾ? ಅದಕ್ಕೇ ಆಡುವ ಪದಗಳೂ ಮೊದಲೇ ಗೊತ್ತಾಗಿರುತ್ತವೆ, ಕೇಳಿದವರು ಉತ್ತರ ಕೊಡಲೇಬೇಕು.

ನನ್ನ ಪ್ರಕಾರ ದೊಡ್ಡ ಅಡ್ಡಿ ಹಿರಿಯ-ಕಿರಿಯ ಅನ್ನುವ ಸಂಕೋಚ. "ಸರ್, ಸ್ವಲ್ಪ ಎತ್ತರ ಅನ್ಸುತ್ತೆ" ಅಂದರೆ ಎಚ್ಚರಿಕೆ ಬರೀ ಸಲಹೆಯಾಗಿಬಿಡುತ್ತದೆ. ನೇರವಾಗಿ ಹೇಳಿದರೂ ಕೆಲವೊಮ್ಮೆ ನಾಟುವುದಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ತೀರಾ ಎತ್ತರದಿಂದ ಇಳಿಯುತ್ತಿತ್ತು. ಸಹ ಪೈಲಟ್ 'ಗೋ ಅರೌಂಡ್' ಅಂದರು, ಅಂದರೆ ಇಳಿಸಬೇಡಿ, ಮತ್ತೆ ಮೇಲೇರಿಸಿ ಅಂತ. ಒಂದೇ ಸಲ ಅಲ್ಲ. ಕ್ಯಾಪ್ಟನ್ ಇಳಿಸಿಯೇಬಿಟ್ಟರು. 158 ಜನ ಸತ್ತರು.

ಈಗ ಎಷ್ಟೋ ಕಡೆ ಒಂದು ನಿಯಮ ಕಲಿಸುತ್ತಾರೆ: ಎರಡು ಸಲ ಎಚ್ಚರಿಸಿದರೂ ಸರಿಯಾದ ಉತ್ತರ ಬರದಿದ್ದರೆ, ಕಿರಿಯರೇ ಆಗಿರಲಿ, 'ಐ ಹ್ಯಾವ್ ಕಂಟ್ರೋಲ್' ಅಂತ ಹೇಳಿ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕು.